ಬಚ್ಚಲ ಕಿಂಡಿ

ಹಾರೋಹಳ್ಳಿ ಸುತ್ತಮುತ್ತ ಯಾರಾದರೂ ಬಾಡಿಗೆಗೆಂದು ಮನೆ ಕಟ್ಟಲು ಹೊರಟರೆ, ಪಾಯ ತೆಗೆಯುವ ಮುಂಚೆ ಒಂದು ಸಲ ಚಿಕ್ಕಲಕ್ಷ್ಮಮ್ಮನ ಜಗಲಿಗೆ ಬಂದು ಕೂರುತ್ತಿದ್ದರು. ಕಾರ್ಖಾನೆಗಳಿಗೆಂದು ಜಮೀನು ಹೋದಾಗ ಬಂದ ಪರಿಹಾರದಲ್ಲಿ ಊರ ಗಂಡಸರು ಕಾರು ಕೊಂಡು, ಬೀಗರೂಟ ಹಾಕಿ, ಕೈ ಖಾಲಿ ಮಾಡಿಕೊಂಡು ಕೂತರು. ಗಂಡನಿಲ್ಲದ ಈ ಹೆಂಗಸು ಮಾತ್ರ ಒಂದೇ ಸಾಲಿಗೆ ಮನೆಗಳನ್ನು ಕಟ್ಟಿಸಿ, ಕಾರ್ಖಾನೆ ಕೆಲಸದವರಿಗೆ ಬಾಡಿಗೆಗೆ ಕೊಟ್ಟು, ಯಾರ ಹಂಗೂ ಇಲ್ಲದೆ ಬದುಕಿದಳು. ಹಾಗಾಗಿ ಅವಳ ಮಾತಿಗೆ ಬೆಲೆ ಇತ್ತು. ಸಲಹೆ ಕೊಡುವ ರುಚಿ ಅವಳಿಗೂ ಚೆನ್ನಾಗಿಯೇ ಹತ್ತಿತ್ತು ಅನ್ನಿ.

"ಮೋಟ್ರು ಸ್ವಿಚ್ಚು ನಿಮ್ಮನೇಲೇ ಇಟ್ಕಳಿ, ಬಾಡಿಗೆಯೋರ ಕೈಗೆ ಕೊಟ್ರೆ ನೀರು ರಸ್ತೆಗೆ ಹರೀತದೆ. ಕರೆಂಟ್ ಗೀಸರ್ ಹಾಕ್ಕಳಕ್ಕೆ ಒಪ್ಪಬ್ಯಾಡಿ, ವೈರು ಸುಟ್ಟೋಯ್ತದೆ. ಬಿಸಿನೀರು ಬೇಕು ಅಂದ್ರೆ ಅವ್ರೇ ಗ್ಯಾಸಿಂದು ತಂದ್ಕಳ್ಲಿ. ತಿಂಗಳಿಗೊಂದು ಸಲ ಒಳಕ್ಕೋಗಿ ನೋಡಿ. ನೋಡ್ದೆ ಇದ್ರೆ ಮನೆ ನಿಮ್ದಲ್ಲ, ಅವ್ರ್ದಾಗೋಯ್ತದೆ."

ಹೇಳಿದ್ದನ್ನು ತಾನೂ ಮಾಡುತ್ತಿದ್ದಳು. ತಿಂಗಳಿಗೊಂದು ಭಾನುವಾರ ಸೆರಗು ಸಿಕ್ಕಿಸಿಕೊಂಡು ಸಾಲುಮನೆಗೆ ಹೊರಟಳೆಂದರೆ ಮಿಲಿಟರಿಯವರು ಬಂದ ಹಾಗೆ. ಗೋಡೆಗೆ ಹೊಸ ಮೊಳೆ ಬಿದ್ದಿದೆಯಾ, ನಲ್ಲಿ ತೊಟ್ಟಿಕ್ಕುತ್ತಾ, ಅಡುಗೆ ಕಟ್ಟೆಯ ಕಲ್ಲು ಬಿರಿದಿದೆಯಾ, ಮೂವರೆಂದು ಹೇಳಿ ಐವರು ಮಲಗುತ್ತಿದ್ದಾರಾ, ಎಲ್ಲ ನೋಡುವಳು. ಬಾಡಿಗೆಯವರು ಹಿಂದಿನಿಂದ ಬೈದುಕೊಳ್ಳುತ್ತಿದ್ದರು. ಎದುರಿಗೆ ಕಾಫಿ ಕೊಡುತ್ತಿದ್ದರು.

ಸಾಲುಮನೆಯ ಹಿಂದೆ ಕೈಗೆಟುಕುವಷ್ಟು ಹತ್ತಿರದಲ್ಲಿ ಇನ್ನೊಂದು ಕಟ್ಟಡ ಎದ್ದಿತು. ಅದರ ಮೆಟ್ಟಿಲು ಇವರ ಬಚ್ಚಲ ಕಿಂಡಿಗಳಿಗೆ ಸರಿಯಾಗಿ ಬಂತು. ಅಲ್ಲಿನ ಪಡ್ಡೆ ಹುಡುಗರು ಮೊಬೈಲು ಹಿಡಿದು ಮೆಟ್ಟಿಲ ಮೇಲೆ ನಿಲ್ಲತೊಡಗಿದರು. ಬಾಡಿಗೆಗಿದ್ದ ಶ್ವೇತ ಎಂಬ ಹುಡುಗಿ ಒಂದು ದಿನ ಅಳುತ್ತಾ ಬಂದು ಹೇಳಿದಳು. ಚಿಕ್ಕಲಕ್ಷ್ಮಮ್ಮನ ಪಿತ್ತ ನೆತ್ತಿಗೇರಿತು. ಮೆಟ್ಟಿಲ ಕೆಳಗೆ ನಿಂತು ಆ ಹುಡುಗರ ಏಳು ತಲೆಮಾರನ್ನೂ ಜಾಲಾಡಿ, ಮಾರನೆಯ ದಿನವೇ ಗಾರೆಯವನನ್ನು ಕರೆಸಿ ಅಷ್ಟೂ ಬಚ್ಚಲ ಕಿಂಡಿಗಳಿಗೆ ಇಟ್ಟಿಗೆ ಇಡಿಸಿ ಸಿಮೆಂಟು ಮೆತ್ತಿಸಿದಳು. ಅಂದಿನಿಂದ ಮನೆ ನೋಡಲು ಬಂದವರಿಗೆಲ್ಲ ಮೊದಲು ಬಚ್ಚಲನ್ನೇ ತೋರಿಸುವಳು. ಸಲಹೆ ಕೇಳಲು ಬಂದವರಿಗೂ ಅದನ್ನೇ ಹೇಳುವಳು. ಮೇಲಿನ ಬೀದಿಯ ಕೃಷ್ಣಪ್ಪ ಅವಳ ಮಾತು ಕೇಳಿ ತನ್ನ ಬಾಡಿಗೆ ಮನೆಗಳ ಕಿಂಡಿಗಳನ್ನೂ ಮುಚ್ಚಿಸಿದ. ಅವಳು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಅದನ್ನು ಯಾರೂ ಇಲ್ಲವೆನ್ನಲಾರರು.

ಶ್ವೇತ ಊರು ಬಿಟ್ಟು ಹೋದ ಮೇಲೆ ಅವಳ ಮನೆಗೆ ಪ್ರತಿಮಾ ಬಂದಳು. ಕೈಲಾಂಚದ ಕಡೆಯ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳೂ ಗಂಡ ಕೆಂಪರಾಜುವೂ ಒಂದೇ ಕಾರ್ಖಾನೆಯಲ್ಲಿ ಬೇರೆ ಬೇರೆ ಶಿಫ್ಟಿಗೆ ದುಡಿಯುತ್ತಿದ್ದರು. ಚಳಿ ಶುರುವಾದಾಗ, ಬೆಳಗಿನ ಶಿಫ್ಟಿಗೆ ತಣ್ಣೀರು ಸುರಿದುಕೊಂಡು ಹೋಗಲಾರದೆ ಅವಳು ಓನರಮ್ಮನ ಕಟ್ಟಳೆಯಂತೆ ಗ್ಯಾಸ್ ಗೀಸರನ್ನೇ ಹಾಕಿಸಿಕೊಂಡಳು. ಆ ತಿಂಗಳ ಭಾನುವಾರ ಚಿಕ್ಕಲಕ್ಷ್ಮಮ್ಮ ಬಚ್ಚಲಿಗೆ ಹೋಗಿ ಅದನ್ನು ನೋಡಿದಳು. ಅವಳು ನೋಡಿದ್ದು ಒಂದೇ: ಗೋಡೆಗೆ ಡ್ರಿಲ್ ಹಾಕಿದ ಕಡೆ ಟೈಲ್ಸು ಒಡೆದಿದೆಯಾ ಅಂತ. ಬೆರಳಾಡಿಸಿದಳು. ಒಡೆದಿರಲಿಲ್ಲ. ಸಮಾಧಾನದಿಂದ ಪಕ್ಕದ ಮನೆಗೆ ಹೋದಳು.

ಆ ವಾರವೇ ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದ ಕೆಂಪರಾಜು ಬಚ್ಚಲ ಬಾಗಿಲು ಒದ್ದು ಮುರಿದ. ಒಳಗೆ ಬಿಸಿನೀರು ಇನ್ನೂ ಸುರಿಯುತ್ತಿತ್ತು. ಪ್ರತಿಮಾ ಮೂಲೆಗೆ ಒರಗಿದ್ದಳು. ಮುಖ ಕೆಂಪಗಿದ್ದುದರಿಂದ ಜೀವ ಇದೆ ಅಂದುಕೊಂಡು ಆಟೋದಲ್ಲಿ ಮಲಗಿಸಿಕೊಂಡು ಓಡಿದರು. ಜೀವ ಇರಲಿಲ್ಲ.

ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡರು. ಆದರೆ ಆಸ್ಪತ್ರೆಯ ಡಾಕ್ಟರು ಹೊರಗೆ ನಿಂತಿದ್ದವರಿಗೆ ಬಿಡಿಸಿ ಹೇಳಿದರು. ಗೀಸರಿನ ಬೆಂಕಿಯಿಂದ ವಾಸನೆಯೇ ಇಲ್ಲದ ವಿಷಗಾಳಿ ಹುಟ್ಟುತ್ತದೆ, ಅದು ಹೊರಗೆ ಹೋಗಲು ಒಂದು ಕಿಂಡಿಯಿದ್ದರೆ ಹುಡುಗಿ ಉಳಿಯುತ್ತಿದ್ದಳು ಎಂದರು. ಚಿಕ್ಕಲಕ್ಷ್ಮಮ್ಮ ಆ ಗುಂಪಿನಲ್ಲೇ ಇದ್ದಳು. ಹುಡುಗಿಯ ಮಣ್ಣು ಮುಗಿಸಿ ಬಂದವಳೇ ಹಾರೆ ಹಿಡಿದು, ಗಾರೆಯವನಿಗೂ ಕಾಯದೆ, ಸಾಲುಮನೆಯ ಕಿಂಡಿಗಳನ್ನೆಲ್ಲ ಒಡೆದಳು. ಅಂಗೈ ಕಿತ್ತು ರಕ್ತ ಬಂದರೂ ನಿಲ್ಲಿಸಲಿಲ್ಲ.

ಆಮೇಲೆ ಕೃಷ್ಣಪ್ಪನ ಮನೆಗೆ ಹೋದಳು. ಅವನ ಬಾಡಿಗೆ ಮನೆಗಳಲ್ಲೂ ಗ್ಯಾಸ್ ಗೀಸರುಗಳಿದ್ದವು, ಪುಟ್ಟ ಮಕ್ಕಳಿದ್ದವು.

"ಕೃಷ್ಣಪ್ಪ, ಇವತ್ತೇ ಒಡಿಸ್ಬುಡು. ಆ ಹುಡ್ಗಿ ಸತ್ತಿದ್ದು ನಾನು ಕಿಂಡಿ ಮುಚ್ಚಿಸಿದ್ದಕ್ಕೆ."

ಕೃಷ್ಣಪ್ಪ ಬೀದಿಯ ಆಚೆ ಈಚೆ ನೋಡಿದ. "ಮೆಲ್ಲಗೆ ಮಾತಾಡು ಲಕ್ಷ್ಮಕ್ಕ. ಪೊಲೀಸ್ನೋರೇ ಆಕಸ್ಮಿಕ ಅಂದವ್ರೆ. ನೀನ್ಯಾಕೆ ಮೈಮ್ಯಾಲೆ ಎಳ್ಕತೀಯ? ಹುಡ್ಗಿ ಕಡೆಯೋರಿಗೆ ಗೊತ್ತಾದ್ರೆ ನಿನ್ನ ಸುಮ್ನೆ ಬುಟ್ಟಾರಾ? ನಾನು ಈಗ ಒಡಿಸಿದ್ರೆ ನಾನೂ ಒಪ್ಕಂಡಂಗೆ ಆಯ್ತದೆ. ಒಸಿ ದಿನ ಹೋಗ್ಲಿ."

ಒಸಿ ದಿನ ಹೋಗುವುದರೊಳಗೆ ಇನ್ನೊಂದು ಹೆಣ ಬಿದ್ದರೆ? ಅವಳು ಅಲ್ಲಿಂದ ನೆಟ್ಟಗೆ ಅವನ ಬಾಡಿಗೆಯವರ ಬಾಗಿಲುಗಳಿಗೇ ಹೋದಳು. ಒಂದೊಂದು ಮನೆಯ ಹೆಂಗಸನ್ನೂ ಕರೆದು, ನಾನೇ ಮುಚ್ಚಿಸಿದ್ದು, ಅದಕ್ಕೇ ಆ ಹುಡುಗಿ ಸತ್ತಳು, ನೀವು ಗೀಸರ್ ಹಚ್ಚಬೇಡಿ ಎಂದಳು. ಸಂಜೆಯೊಳಗೆ ಹೆಂಗಸರೆಲ್ಲ ಕೃಷ್ಣಪ್ಪನ ಬಾಗಿಲಲ್ಲಿ ಕೂತರು, ಕಿಂಡಿಗಳು ತೆರೆದವು. ಅವನು ಅವಳ ಮುಖ ನೋಡುವುದನ್ನೇ ಬಿಟ್ಟ. ಸಲಹೆ ಕೇಳಲು ಜಗಲಿಗೆ ಬರುವವರೂ ನಿಂತುಹೋದರು. ಅವಳಿಗೆ ಅದರಿಂದ ಏನೂ ಅನ್ನಿಸಲಿಲ್ಲ. ಪ್ರತಿಮಾಳ ಮನೆಯವರಿಗೆ ತನ್ನ ಬಾಯಿಂದಲೇ ಹೇಳಬೇಕಲ್ಲ ಎಂಬುದೊಂದೇ ಅವಳನ್ನು ಕೊರೆಯುತ್ತಿತ್ತು.

ಹನ್ನೊಂದನೇ ದಿನದ ತಿಥಿ ಕಳೆದ ಮೇಲೆ ಪ್ರತಿಮಾಳ ತಾಯಿ ದಾಸಮ್ಮ ಸಾಮಾನು ತುಂಬಿಕೊಂಡು ಹೋಗಲು ಬಂದಳು. ಕೆಂಪರಾಜು ಆ ಮನೆಯೊಳಕ್ಕೆ ಕಾಲಿಡಲಾರೆ ಎಂದಿದ್ದನಂತೆ. ಬಡಕಲು ಹೆಂಗಸು, ಮಗಳ ಸೀರೆಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕುತ್ತಿದ್ದಳು. ಸುಮ್ಮನಿದ್ದುಬಿಡಬಹುದಿತ್ತು. ಇನ್ನೊಂದು ಗಂಟೆಯಲ್ಲಿ ಟೆಂಪೋ ಹೋಗಿಬಿಡುತ್ತಿತ್ತು. ಆದರೂ ಚಿಕ್ಕಲಕ್ಷ್ಮಮ್ಮ ಒಳಗೆ ಹೋಗಿ ಅವಳೆದುರು ನೆಲದ ಮೇಲೆ ಕೂತು, ಒಂದನ್ನೂ ಮುಚ್ಚಿಡದೆ ಹೇಳಿದಳು.

"ನಿನ್ನ ಮಗಳನ್ನ ನಾನೇ ಕೊಂದ್ಬುಟ್ಟೆ ಕಣವ್ವ. ಬಯ್ಯಿ, ಹೊಡಿ, ಸ್ಟೇಷನ್ನಿಗೆ ಬಾ ಅಂದ್ರೆ ಬತ್ತೀನಿ."

ದಾಸಮ್ಮ ಮಡಚುತ್ತಿದ್ದ ಸೀರೆಯನ್ನು ಹಾಗೇ ತೊಡೆಯ ಮೇಲೆ ಹಿಡಿದುಕೊಂಡು ಬಚ್ಚಲ ಕಡೆ ನೋಡಿದಳು.

"ಮನೆ ನೋಡಕ್ಕೆ ನಾನೂ ಬಂದಿದ್ದೆ ಕಣಕ್ಕ. ನಿಂಗೆ ಗ್ಯಾಪಕ ಇಲ್ವೇನೋ. ನನ್ನ ಮಗಳಿಗೆ ಈ ಮನೆ ಬ್ಯಾಡಾಗಿತ್ತು. ಬಸ್‌ಸ್ಟಾಂಡ್ ತಾವ ಒಂದು ನೋಡಿದ್ಲು, ಗಾಳಿ ಬೆಳಕು ಚೆಂದಾಗಿ ಐತೆ ಕಣವ್ವ, ಅದೇ ಇರ್ಲಿ ಅಂದ್ಲು. ಆ ಬಚ್ಚಲಿಗೆ ದೊಡ್ಡ ಕಿಂಡಿ ಇತ್ತು. ಹೆಣ್ಮಗಿಗೆ ಅದು ಬ್ಯಾಡ, ಕಿಂಡಿ ಮುಚ್ಚಿರೋ ಇದೇ ಭದ್ರ ಅಂತ ಹಟ ಹಿಡ್ದು ಒಪ್ಸಿದೋಳು ನಾನು." ಅವಳು ಸೀರೆಯ ಮಡಿಕೆ ಬಿಚ್ಚಿ ಮತ್ತೆ ಮಡಚತೊಡಗಿದಳು. "ಇದನ್ನ ನಂಗ್ಯಾಕಕ್ಕ ಹೇಳ್ದೆ?"