ಉಸ್ಮಾನಸಾಬರಿಗೆ ಸಿಕ್ಕ ಮೂವತ್ತು

ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಬೆಳಗಾದರೆ ಗಾಜಿನ ಬಳೆಗಳ ಸದ್ದು. ಎರಡು ಬಳೆ ತಾಗಿಸಿ, ಕಿವಿಗೊಟ್ಟು, ಒಂದನ್ನು ಬದಿಗಿಡುವ ಸದ್ದು. ಬಿರುಕು ಬಿಟ್ಟ ಬಳೆ ಮಂದವಾಗಿ ನುಡಿಯುತ್ತದೆ. ಅದನ್ನು ಆರಿಸಿ ತೆಗೆಯುವುದು ಉಸ್ಮಾನಸಾಬರ ನಲವತ್ತು ವರ್ಷದ ರೂಢಿ. ಈಗ ಅವರ ಮುಂದಿರುವುದು ಒಂದೇ ಡಜನ್. ಆರಿಸಿ ಮುಗಿಸಿದ್ದು ನೆನಪಿರುವುದಿಲ್ಲ, ಮತ್ತೆ ಮೊದಲಿನಿಂದ ಶುರು.

ಹೆಂಡತಿ ಫಕೀರಬಿಗೆ ಆ ಸದ್ದೇ ಕಾವಲು. ಅದು ನಿಂತಿತೆಂದರೆ ಅವರು ಎದ್ದು ಹೊರಟರೆಂದು ಅರ್ಥ. ಹೋದ ವರ್ಷ ಹಾಗೆ ಹೊರಟವರು ಸಿರುಗುಪ್ಪದ ಬಸ್ಸು ಹತ್ತಿ, ಸಂಜೆ ಹಚ್ಚೊಳ್ಳಿಯ ಕಾಲುವೆ ದಂಡೆಯಲ್ಲಿ ಸಿಕ್ಕಿದ್ದರು. ಬಳೆಯ ಮಲಾರ ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದ ಕಾಲದ ಗುರುತು ಹಿಡಿದು, ಅಲ್ಲಿಯ ಹೆಂಗಸರು ಊಟ ಹಾಕಿ ಕೂರಿಸಿದ್ದರು.

ಅಂದಿನಿಂದ ಫಕೀರಬಿ ಜೀನ್ಸ್ ಕಾರ್ಖಾನೆಯ ಕೆಲಸ ಬಿಟ್ಟಳು. ಅಂಗವಿಕಲರ ಪಿಂಚಣಿ ಮರೆವಿನ ಕಾಯಿಲೆಗೂ ಸಿಗಬಹುದೆಂದು ಮೊಬೈಲಿನಲ್ಲಿ ಓದಿ ಅರ್ಜಿ ತುಂಬಿದವಳು ಪಕ್ಕದ ಮನೆಯ ಅಸ್ಮಾ, ಕಾಲೇಜಿಗೆ ಹೋಗುವ ಹುಡುಗಿ. ಡಾಕ್ಟರು ಅಂಗವೈಕಲ್ಯ ಶೇಕಡಾ ನಲವತ್ತು ಎಂದು ಬರೆದರೆ ಸಾಕು. ದೊಡ್ಡ ಹಣವಲ್ಲ. ಆದರೂ ಅದನ್ನು ಓಣಿಯ ಮುದುಕಿಯೊಬ್ಬಳಿಗೆ ಕೊಟ್ಟು ಕಾವಲು ಕೂರಿಸಿದರೆ, ಫಕೀರಬಿ ಮತ್ತೆ ಕೆಲಸಕ್ಕೆ ಹೋಗಬಹುದು.

ಮನೆಯಲ್ಲಿ ಇರುವ ಹಾಗೆಯೇ ಕರೆದುಕೊಂಡು ಹೋಗಿ ಎಂದು ಅಸ್ಮಾ ಹೇಳಿದ್ದಳು. ಫಕೀರಬಿಗೆ ಮನಸ್ಸು ಬರಲಿಲ್ಲ. ತಪಾಸಣೆಯ ದಿನ ಗಂಡನ ಗಡ್ಡ ತಿದ್ದಿಸಿ, ಇಸ್ತ್ರಿಯ ಬಿಳಿ ಅಂಗಿ ತೊಡಿಸಿ, ಕಿವಿಯ ಹಿಂದೆ ಅತ್ತರು ಹಚ್ಚಿದಳು.

ಆಸ್ಪತ್ರೆಯಲ್ಲಿ ನಾಡಿ ನೋಡಲು ಕೈ ಚಾಚಿದ ಡಾಕ್ಟರಮ್ಮನ ಕೈಯನ್ನು ಉಸ್ಮಾನಸಾಬರೇ ಹಿಡಿದುಕೊಂಡರು. ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿದರು.

"ಕೈ ಸಡ್ಲ ಬಿಡವ್ವ ತಂಗಿ. ನಿಂದು ಎರಡು-ಆರರ ಅಳತಿ. ಹಸರು ಗಾಜು ಛಲೋ ಒಪ್ಪತೈತಿ."

ಡಾಕ್ಟರಮ್ಮ ನಕ್ಕರು. ಬಳೆಯ ಅಳತೆ ಸರಿಯಾಗಿತ್ತು. ಇವತ್ತು ಯಾವ ವಾರ ಎಂದು ಕೇಳಿದರೆ, ಬಳೆಗಾರನಿಗೆ ದಿನಾಲೂ ಸಂತೆ ಎಂದರು ಸಾಬರು. ಇದು ಯಾವ ಊರು ಎಂದರೆ, ಮೊದಲು ನಿನ್ನ ತವರೂರು ಹೇಳವ್ವ, ಅಲ್ಲಿಗೂ ಬಂದಿರುತ್ತೇನೆ ಎಂದರು. ಬಳೆ ಏರಿಸುವಾಗ ನೋವು ಮರೆಸಲು ಆಡುತ್ತ ಬಂದ ಮಾತುಗಳು. ಬೇರೆಲ್ಲ ಹೋದರೂ ಅವು ಉಳಿದಿದ್ದವು.

ಡಾಕ್ಟರಮ್ಮ ಫಕೀರಬಿಯತ್ತ ತಿರುಗಿದರು. ಸ್ನಾನ, ಊಟ ತಾವೇ ಮಾಡುತ್ತಾರೆಯೇ? ಬಟ್ಟೆ ಒದ್ದೆ ಮಾಡಿಕೊಳ್ಳುತ್ತಾರೆಯೇ? ಹೊಡೆಯುತ್ತಾರೆಯೇ?

ಬಾಗಿಲ ಬಳಿಯ ಬೆಂಚಿನಲ್ಲಿ, ತನ್ನ ಕಾಲು ತೋರಿಸಲು ಬಂದ ವಿರೂಪಾಕ್ಷಿ ಕೂತಿದ್ದ. ಕುರುಗೋಡು ಕಡೆಯ ಬಾದನಹಟ್ಟಿಯವನು. ಅವನ ಮೂವರು ಅಕ್ಕಂದಿರಿಗೂ ಮದುವೆಯ ಬಳೆ ತೊಡಿಸಿದವರು ಉಸ್ಮಾನಸಾಬರು. ಆರಾಮ ಅದೀರಿಲ್ಲ ಸಾಬ್ರ ಎಂದು ಆಗಲೇ ಕೈಮುಗಿದಿದ್ದ.

ಫಕೀರಬಿ ಮೊಳಕೈಯ ನೀಲಿ ಕಲೆಯ ಮೇಲೆ ಸೆರಗು ಎಳೆದುಕೊಂಡಳು.

"ಏನಿಲ್ರಿ ಅಮ್ಮಾರ. ಸ್ವಲ್ಪ ಮರವು, ಅಷ್ಟ. ಎಲ್ಲಾ ತಾವ ಮಾಡ್ಕೋತಾರ."

ತಿಂಗಳ ಮೇಲೆ ಬಂದ ಕಾಗದದಲ್ಲಿ ಶೇಕಡಾ ಮೂವತ್ತು ಎಂದಿತ್ತು. ಸಾಬರಿಗೆ ಏನೂ ಆಗಿಲ್ಲವೆಂದು ಸರ್ಕಾರವೇ ಬರೆದುಕೊಟ್ಟಿತಲ್ಲ ಎಂದು ಓಣಿಯವರು ಸಂತೋಷಪಟ್ಟರು. ಅಂದು ಫಕೀರಬಿ ಮೂರು ಸಲ ಗಂಡನ ಲುಂಗಿ ಒಗೆದಿದ್ದಳು. ಕಾಗದವನ್ನು ಮಡಿಸಿ, ಬಿರುಕು ಬಳೆಗಳ ಡಬ್ಬಿಗೆ ಹಾಕಿದಳು.

ಅಸ್ಮಾ ಬಿಡದೆ ಮತ್ತೆ ಅರ್ಜಿ ಹಾಕಿದಳು. ಸೋಮವಾರ ಬರಲು ಹೇಳಿದರು. ಹಿಂದಿನ ಸಂಜೆ ಕಟ್ಟೆಯ ಮೇಲೆ ಫಕೀರಬಿಯನ್ನು ಕೂರಿಸಿಕೊಂಡಳು.

"ನಾನ ಡಾಕ್ಟರಮ್ಮ ಅಂತ ತಿಳೀರಿ ಖಾಲಾ. ಒಂದ ಸಲ ಬಾಯಿ ಬಿಟ್ಟು ಹೇಳ್ರಿ."

ಫಕೀರಬಿ ಒಳಗಿನ ಬಳೆ ಸದ್ದಿಗೆ ಒಮ್ಮೆ ಕಿವಿಗೊಟ್ಟಳು.

"ನಮ್ಮ ಮನಿಯೋರು," ಎಂದಳು. "ನಮ್ಮ ಮನಿಯೋರು ದಿನಾ ಹಾಸಿಗ್ಯಾಗ... ನಾ ತೊಳಿಯಾಕ ಹ್ವಾದ್ರ, ಯಾರ ನೀ ಅಂತ ಕೈ ತಿರುವಿ..."

ಬಳೆ ಸದ್ದು ನಿಂತಿತೆಂದು ತಟ್ಟನೆ ಎದ್ದಳು. ನಿಂತಿರಲಿಲ್ಲ. ಒಳಗೆ ಗಾಜಿಗೆ ಗಾಜು ತಾಗುತ್ತಲೇ ಇತ್ತು, ಅಸ್ಮಾಗೂ ಕೇಳುತ್ತಿತ್ತು.

"ಸೋಮಾರ ಹೇಳ್ತೀನಿ ತಗೋ, ಯಾರರ ಇರಲಿ, ಎಲ್ಲಾರ ಮುಂದನ ಹೇಳ್ತೀನಿ, ನಮ್ಮ ಮನಿಯೋರು..." ಎನ್ನುತ್ತಲೇ ಹೊಸ್ತಿಲು ದಾಟಿ ಒಳಗೆ ಹೋದಳು.