ಲಮ್ಮಿ ಮೇಜು ಹೊತ್ತ ಭಾನುವಾರ

ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಲಮ್ಮಿಯ ಗಂಡ ರೂಲಫ್ ಒಂದೇ ಒಂದು ಪ್ಯಾನ್‌ಕೇಕನ್ನು ಬಿಸಿಯಾಗಿ ತಿಂದವನಲ್ಲ. ಅವನು ಕಾಲುವೆ ಸೇತುವೆಯ ಕಾವಲುಗಾರ, ಮನೆ ಸೇತುವೆಗೆ ಅಂಟಿಕೊಂಡೇ ಇತ್ತು. ಭಾನುವಾರ ಲಮ್ಮಿ ಸೋಂಪು, ಚಕ್ಕೆ, ಲವಂಗ ಕುಟ್ಟಿ ಹಿಟ್ಟಿಗೆ ಬೆರೆಸಿ, ಬೆಣ್ಣೆ ಸವರಿದ ಕಾವಲಿಗೆ ಹುಯ್ದು, ಅಂಚು ಗರಿಗರಿಯಾಗುವ ಹೊತ್ತಿಗೆ ಸರಿಯಾಗಿ ಯಾವುದೋ ದೋಣಿ ಹಾರ್ನ್ ಹೊಡೆಯುತ್ತಿತ್ತು. ದೋಣಿ ದಾಟಲು ಸೇತುವೆ ಎತ್ತಬೇಕೆಂದು ಇವನು ಎದ್ದು ಓಡುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ. ವಾಪಸ್ ಬಂದು, ಆರಿ ತೊಗಲಾದ ಪ್ಯಾನ್‌ಕೇಕನ್ನು ಕಪ್ಪು ಪಾಕದಲ್ಲಿ ಮುಳುಗಿಸಿ ನುಂಗಿ "ಚೆನ್ನಾಗಿದೆ" ಅನ್ನುತ್ತಿದ್ದ. ಆ ಮಾತು ಕೇಳಿದರೆ ಲಮ್ಮಿಗೆ ಮೈಯೆಲ್ಲ ಉರಿಯುತ್ತಿತ್ತು. ಆರಿದ ಮೇಲೆ ಮಸಾಲೆ ಎಲ್ಲಿ, ರುಚಿ ಎಲ್ಲಿ?

ಈ ವಸಂತದಲ್ಲಿ ಅವನು ನಿವೃತ್ತನಾದ. ಸೇತುವೆಗೆ ಕ್ಯಾಮೆರಾ, ಸ್ಪೀಕರ್ ಬಂದವು. ನಲವತ್ತು ಕಿಲೋಮೀಟರ್ ದೂರದ ಕಚೇರಿಯಲ್ಲಿ ಕೂತ ಹುಡುಗಿಯೊಬ್ಬಳು ಗುಂಡಿ ಒತ್ತಿದರೆ ಸೇತುವೆ ತಾನಾಗಿ ಏಳುತ್ತದೆ. ಇನ್ನು ಇಬ್ಬರೂ ಕೂತು ನಿಧಾನವಾಗಿ ತಿನ್ನಬಹುದು ಎಂದು ಲಮ್ಮಿ ಹಿಗ್ಗಿದಳು.

ಹುಟ್ಟುಗುಣ ಸುಟ್ಟರೂ ಹೋಗದು. ಹಾರ್ನ್ ಕೇಳಿದರೆ ರೂಲಫ್ ಈಗಲೂ ಓಡುತ್ತಾನೆ. ತಾನಾಗಿ ಏಳುವ ಸೇತುವೆಯ ಪಕ್ಕ ನಿಂತು ಕೈ ಎತ್ತಿ ಅಪ್ಪಣೆ ಕೊಡುತ್ತಾನೆ. ಗಾಳದ ಕೋಲಿಗೆ ಕಟ್ಟಿದ ಮರದ ಬೂಟನ್ನು, ಹಿಂದಿನಂತೆ ಸುಂಕದ ಕಾಸು ಹಾಕಲೆಂದು, ದೋಣಿಗಳಿಗೆ ಇಳಿಬಿಡುತ್ತಾನೆ. ಸುಂಕ ರದ್ದಾಗಿ ವರ್ಷಗಳಾಗಿವೆ. ದೋಣಿಯವರು ಪಾಪ ಅಂತ ಪೆಪ್ಪರ್‌ಮೆಂಟು ಹಾಕಿ ಹೋಗುತ್ತಾರೆ.

"ನೀನು ಹೋಗ್ದಿದ್ರೆ ಸೇತುವೆ ಏಳಲ್ವಾ?" ಎಂದು ಲಮ್ಮಿ ಒಮ್ಮೆ ಕೇಳಿದಳು.

"ಏಳತ್ತೆ. ಆದ್ರೆ ಪಾಪ, ಪಕ್ಕದಲ್ಲಿ ಯಾರೂ ಇಲ್ದೆ ಏಳ್ಬೇಕಲ್ಲ."

"ಮೂವತ್ತೊಂದು ವರ್ಷದಿಂದ ನಾನೂ ಮೇಜಿಂದ ಹಂಗೇ ಏಳ್ತಿದೀನಿ."

ಅವನು ಹಾರ್ನ್ ಕೇಳಿಸಿತೆಂದು ಹೊರಟುಹೋದ. ಲಮ್ಮಿ ಯೋಚಿಸಿದಳು. ಮೇಲೆ ಜನರಿದ್ದರೆ ಸೇತುವೆಯನ್ನು ಎತ್ತುವಂತಿಲ್ಲ ಎಂಬ ನಿಯಮವನ್ನು ಈ ಗಂಡನೇ ಸಾವಿರ ಸಲ ಹೇಳಿದ್ದ.

ಮುಂದಿನ ಭಾನುವಾರ ಅವಳು ಅಡುಗೆಮನೆಯ ಮೇಜನ್ನು ಹೊತ್ತು ತಂದು ಸೇತುವೆಯ ನಟ್ಟನಡುವೆ ಇಟ್ಟಳು. ಎರಡು ಕುರ್ಚಿ, ಸಣ್ಣ ಗ್ಯಾಸ್ ಒಲೆ, ಹಿಟ್ಟಿನ ಪಾತ್ರೆ ಬಂದವು. ಸೈಕಲ್ಲಿನವರು "ಶುಭೋದಯ" ಹೇಳಿ ಬಳಸಿಕೊಂಡು ಹೋದರು. ರೂಲಫ್ ಕುರ್ಚಿಯ ತುದಿಯಲ್ಲಿ ಕೂತ.

ಹಿಟ್ಟು ಕಾವಲಿಗೆ ಬಿತ್ತು, ಹಾರ್ನ್ ಮೊಳಗಿತು. ಅವನು ಅರ್ಧ ಎದ್ದ. ಎಲ್ಲಿಗೆ ಓಡುವುದು? ಓಡಿ ಬರಬೇಕಾದ ಜಾಗದಲ್ಲೇ ಕೂತಿದ್ದ. ಮತ್ತೆ ಕೂತ.

"ಸೇತುವೆ ಮೇಲಿರೋರು ದಯವಿಟ್ಟು ಇಳೀರಿ," ಅಂದಿತು ಸ್ಪೀಕರಿನ ಕಂಬ.

"ತಿಂಡಿ ತಿಂತಿದೀವಮ್ಮ," ಅಂದಳು ಲಮ್ಮಿ ಕಂಬಕ್ಕೆ.

"ಎಷ್ಟು ಹೊತ್ತಾಗತ್ತೆ?"

"ನಿಧಾನವಾಗಿ ತಿನ್ನೋದು ಅಂತ ಮಾತಾಗಿದೆ."

ಕಂಬ ತುಸು ಯೋಚಿಸಿತು. "ತಡಕ್ಕೆ ಕಾರಣ ಬರೀಬೇಕು. ನನ್ನ ಪಟ್ಟೀಲಿ ಅಪಘಾತ ಇದೆ, ಗಾಳಿ ಇದೆ, ದನ ಇದೆ. ತಿಂಡಿ ಇಲ್ಲ."

"ದನ ಅಂತ ಬರ್ಕೋ. ಎರಡು."

ಕೆಳಗೆ ಮೂರು ದೋಣಿ ಸಾಲುಗಟ್ಟಿದವು. ಮೊದಲನೆಯದರಿಂದ ವೂಬೊ ಎಂಬ ಮುದುಕ ಕೂಗಿದ: "ಲಮ್ಮಿ, ವಾಸನೆ ಇಲ್ಲೀವರ್ಗೂ ಬರ್ತಿದೆ. ಬೂಟು ಬಿಡಲ್ವೇನು?"

"ಮೊದಲನೇದು ಇವನಿಗೆ. ಆಮೇಲೆ ನಿಂಗೆ," ಅಂದಳು ಲಮ್ಮಿ.

ಪ್ಯಾನ್‌ಕೇಕ್ ಹೊಗೆಯಾಡುತ್ತ ತಟ್ಟೆಗೆ ಇಳಿಯಿತು. ರೂಲಫ್ ಮುಳ್ಳುಚಮಚ ಎತ್ತಿಕೊಂಡ. ಒಂದು ತುಂಡು ಬಾಯಿಗಿಟ್ಟ, ಉಫ್ ಎಂದು ಗಾಳಿ ಎಳೆದ, ಅಗಿದ. ಅಗಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

"ಲಮ್ಮಿ, ಇದಕ್ಕೆ ಸೋಂಪು ಹಾಕಿದ್ದೀಯಾ?"

ಲಮ್ಮಿಯ ಕೈಯಲ್ಲಿ ಬಿಸಿ ಕಾವಲಿಯೂ ಇತ್ತು, ಎದುರಿಗೆ ಅವನ ತಲೆಯೂ ಇತ್ತು. ಆದರೂ ಆ ಮುಖದಲ್ಲಿದ್ದ ಸಂತೋಷ ನೋಡಿ ಹೊಡೆಯಲು ಮನಸ್ಸು ಬರಲಿಲ್ಲ.

"ಹೂಂ. ಇವತ್ತು ಹಾಕಿ ನೋಡ್ದೆ."

"ಎಷ್ಟು ಚೆನ್ನಾಗಿದೆ," ಅಂದ ಅವನು, ಇನ್ನೊಂದಕ್ಕೆ ತಟ್ಟೆ ಚಾಚುತ್ತ. "ಇಷ್ಟು ವರ್ಷ ಯಾಕೆ ಹಾಕ್ಲಿಲ್ಲ?"