ಮಗ್ಗದ ಮೇಲಿನ ಇಂಗ್ಲಿಷ್

ಮುಂಬಯಿ ಸರಕಾರದ ಕಾಲ. ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ನೇಕಾರರೊಬ್ಬರು ಬಿ.ಎ. ಮುಗಿಸಿ, ಶಿಕ್ಷಕ ತರಬೇತಿಯ ಬಿ.ಟಿ. ಪ್ರವೇಶ ಪರೀಕ್ಷೆಗೆ ಮಗ್ಗದಲ್ಲಿ ಕೂತೇ ಓದುತ್ತಿದ್ದರು. ಗೋಡೆಯಾಚೆ ನಾನೂ ಆ ಮಗ್ಗದ ಸಪ್ಪಳ ಕೇಳುತ್ತಲೇ ಅದಕ್ಕೇ ಓದುತ್ತಿದ್ದೆ. ಇಂಗ್ಲಿಷ್ ಶಬ್ದಗಳ ಚೀಟಿಗಳನ್ನು ಅವರು ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳಲ್ಲಿ ಸಿಕ್ಕಿಸುವರು. ನೇಯ್ದಂತೆ ಚೀಟಿ ಹತ್ತಿರ ಬರುವುದು. ಅಷ್ಟರೊಳಗೆ ಅರ್ಥ ಬಾಯಿಪಾಠವಾಗಬೇಕು. ಆಗದಿದ್ದರೆ, “ಇದು ಇನ್ನೂ ಹಸಿ ಐತಿ” ಎಂದು ಮತ್ತೆ ಹಿಂದಕ್ಕೆ ಸಿಕ್ಕಿಸುವರು.

ಧಾರವಾಡದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಪರೀಕ್ಷೆಗೆ ಕೂತೆವು. ಇಂಗ್ಲಿಷ್ ಪ್ರಶ್ನೆಪತ್ರಿಕೆ ಓದತೊಡಗಿದ್ದೇ ತಡ, ಅವರ ಕಾಲು ಮಗ್ಗ ತುಳಿದಂತೆ ನೆಲ ತುಳಿಯತೊಡಗಿತು. ಮೇಲ್ವಿಚಾರಕರು ಬಂದು ಕಾಲು ಹಿಡಿತದಲ್ಲಿಡಲು ಹೇಳಿದರು. ನೇಕಾರರು ಕಾಲು ನಿಲ್ಲಿಸಿ ತಲೆ ಎತ್ತಿದರು.

“ಕಾಲು ನಿಂತ್ರ ಓದು ನಿಲ್ತೈತ್ರಿ, ಸರ.”

“ಬಾಜೂದವ್ರಿಗೆ ತ್ರಾಸ ಆಗಾಕತ್ತೈತಲ್ರಿ?”

“ಇಲ್ರಿ ಸರ, ತುಳೀಲಿ ಬಿಡ್ರಿ,” ಎಂದೆ ನಾನು. ಆ ಸಪ್ಪಳ ನಿಂತೊಡನೆ ನನ್ನ ಪೆನ್ನೂ ನಿಂತಿತ್ತು.